ಕೊರಮೀನಿನ ಈಲಿ

ಕಲ್ಲುತೂಬಿನ ಕೆರೆಯ ಮೀನಿಗೆ ನೊಣ ಕೂರುತ್ತಿರಲಿಲ್ಲ. ಮಹದೇವಪುರದಲ್ಲಿ ರಸ್ತೆ ಬದಿಯ ಹೊಂಗೆ ಮರದಡಿ ಮೀನು ಮಾರುವ ಪಿಳ್ಳಮ್ಮನಿಗೆ ಇದರಿಂದ ಲಾಭವೇ ಆಗುತ್ತಿತ್ತು. ಪಕ್ಕದ ಗಾಡಿಯ ಐಸ್ ಮೀನಿನ ಮೇಲೆ ನೊಣಗಳು ಸಭೆ ಸೇರಿದ್ದರೆ ಇವಳ ಬೋಗುಣಿಯ ಮೇಲೆ ಹೆಸರಿಗೂ ಒಂದಿಲ್ಲ. “ನೋಡಿ ಸ್ವಾಮಿ, ಹಿಡಿದು ಎರಡು ಗಂಟೆ ಆಗಿಲ್ಲ. ನೊಣಕ್ಕೇ ಇನ್ನೂ ಸುದ್ದಿ ಮುಟ್ಟಿಲ್ಲ” ಎನ್ನುತ್ತಿದ್ದಳು. ಗಿರಾಕಿಗಳು ನಕ್ಕು ಹತ್ತು ರೂಪಾಯಿ ಜಾಸ್ತಿ ಕೊಡುತ್ತಿದ್ದರು. ನೊಣಕ್ಕೆ ಸುದ್ದಿ ಮುಟ್ಟಿ, ಬಂದು ನೋಡಿ, ಬೇಡವೆಂದು ಹೋಗಿರಬಹುದು ಎಂಬ ಯೋಚನೆ ಯಾರಿಗೂ ಬರಲಿಲ್ಲ. ಬಂದರೂ ವ್ಯಾಪಾರ ಮಾಡುವವರು ಅಂಥ ಯೋಚನೆಗೆ ಮಣೆ ಹಾಕುವುದಿಲ್ಲ.

ಪಿಳ್ಳಮ್ಮನಿಗೆ ಐವತ್ತು ದಾಟಿತ್ತು. ಗಂಡ ದೊಡ್ಡಮುನಿಯಪ್ಪ ಅದೇ ಕೆರೆಯಲ್ಲಿ ಬಲೆ ಬೀಸುತ್ತಿದ್ದವನು. ಕೊನೆಯ ಎರಡು ವರ್ಷ ಅವನ ಕೈ ನಡುಗುತ್ತಿತ್ತು. ಬಲೆಯ ಗಂಟು ಹಾಕಲಾಗದೆ ಸುಮ್ಮನೆ ನೀರು ನೋಡುತ್ತ ಕೂತಿರುತ್ತಿದ್ದ. ಊರು ಸಾರಾಯಿ ಎಂದಿತು. ಅವನು ಸಾರಾಯಿ ಮುಟ್ಟುತ್ತಿರಲಿಲ್ಲ ಎಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಅವರ ಮನೆತನದಲ್ಲಿ ಒಂದು ವಾಡಿಕೆ. ಮೀನು ಕೊಂಡವರಿಗೆ ಮಾಂಸ, ಹೊಟ್ಟೆ ಸೀಳಿ ಕೊಟ್ಟವರಿಗೆ ಈಲಿ, ಅಂದರೆ ಯಕೃತ್ತು. ಗಿರಾಕಿಗಳು ಹೇಗೂ “ಒಳಗಿಂದು ಬಿಸಾಕಮ್ಮ” ಎನ್ನುತ್ತಿದ್ದರು. ಪಿಳ್ಳಮ್ಮ ಬಿಸಾಕುತ್ತಿದ್ದದ್ದು ಕರುಳನ್ನು ಮಾತ್ರ. ಕೊರಮೀನಿನ ಈಲಿಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಸೆರಗಿನ ಮರೆಗೆ ಇಟ್ಟುಕೊಳ್ಳುವಳು. ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ, ಬಸುರಿಗೆ ಅದಕ್ಕಿಂತ ಶಕ್ತಿ ಕೊಡುವ ಪದಾರ್ಥ ಇಲ್ಲವೆಂದು ಅವಳ ಅತ್ತೆ ಹೇಳಿದ್ದಳು. ಪಿಳ್ಳಮ್ಮ ಅದನ್ನು ತಿಂದೇ ಮಗಳನ್ನು ಹೆತ್ತಿದ್ದಳು.

ಆ ಮಗಳು ಭಾಗ್ಯಲಕ್ಷ್ಮಿ, ಈಗ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಗಂಡನೊಂದಿಗಿದ್ದಳು. ಎರಡು ಸಲ ಬಸುರಾಗಿ ಎರಡೂ ಸಲ ಹೋಗಿತ್ತು. “ಕೆರೆ ಮೀನು ಬೇಡ ಕಣಮ್ಮ, ನರ್ಸಮ್ಮ ಬೇಡ ಅಂದ್ರು” ಎಂದು ವರ್ಷದಿಂದ ತಾಯಿಯ ಎಲೆಪೊಟ್ಟಣವನ್ನು ವಾಪಸ್ ಕಳಿಸುತ್ತಿದ್ದಳು. ಪಿಳ್ಳಮ್ಮನಿಗೆ ಅದು ನರ್ಸಮ್ಮ ತನ್ನ ಅಂಗಡಿಗೆ ಬೀಗ ಹಾಕಿದಷ್ಟು ಅವಮಾನ.

ಎರಡು ಸಾವಿರದ ಮೂರನೇ ಇಸವಿ, ಸಂಕ್ರಾಂತಿ ಕಳೆದ ಮೇಲೆ, ಸುಕನ್ಯ ಎಂಬ ಹುಡುಗಿ ಬಂದಳು. ಶಿವಾಜಿನಗರದ ಕಡೆಯ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಕೆರೆ ಮೀನಿನಲ್ಲಿ ಸೀಸ, ಕ್ಯಾಡ್ಮಿಯಂ ಎಷ್ಟಿದೆ ಅಂತ ನೋಡಬೇಕು, ವಾರಕ್ಕೊಮ್ಮೆ ಎರಡು ಮೀನು ಕೊಡಿ ಎಂದಳು.

“ಸೀಸ ಯಾಕಮ್ಮ ಮೀನಲ್ಲಿರುತ್ತೆ? ನನ್ನ ಮೀನೇನು ಬ್ಯಾಟರಿನಾ?”

“ಕೆರೆ ಮೇಲ್ಗಡೆ ಲೋಹದ ಪಾಲಿಶ್ ಶೆಡ್‌ಗಳಿವೆಯಲ್ಲ ಆಂಟಿ, ಆ ನೀರು ಇಲ್ಲಿಗೇ ಬರುತ್ತೆ. ಅದಕ್ಕೇ.”

ಪಿಳ್ಳಮ್ಮ ನಕ್ಕಳು. ಒಳಗೊಳಗೆ ಲೆಕ್ಕ ಹಾಕಿದಳು. ಕೈಯಲ್ಲಿ ಪುಸ್ತಕ ಹಿಡಿದು ಬಂದವರು ಇವತ್ತು ಮೀನು ಕೇಳುತ್ತಾರೆ, ನಾಳೆ ಅಂಗಡಿ ಎತ್ತು ಎನ್ನುತ್ತಾರೆ. ಮರುವಾರ ಬೆಳಿಗ್ಗೆ ಬಸ್ಸು ಹತ್ತಿ ರಸೆಲ್ ಮಾರುಕಟ್ಟೆಗೆ ಹೋದಳು. ಅಲ್ಲಿ ಮೀನು ವ್ಯಾಪಾರಿ ಲತೀಫನ ಹತ್ತಿರ ಆಂಧ್ರದ ಐಸ್ ಪೆಟ್ಟಿಗೆಯಿಂದ ಎರಡು ಕೊರಮೀನು ಆರಿಸಿದಳು.

“ಕ್ಯಾ ಪಿಳ್ಳಮ್ಮಕ್ಕ, ನಿಮ್ಮ ಕೆರೆ ಒಣಗೋಯ್ತಾ? ನನ್ನ ಹತ್ರ ಬಂದ್ಬಿಟ್ರಿ!”

“ನೆಂಟರು ಬಂದವ್ರೆ ಲತೀಫ್. ಅವರಿಗೆ ನಮ್ಮ ಮೀನು ಹಿಡಿಸಲ್ಲ.”

ಆ ನೆಂಟಳು ಎರಡೂವರೆ ತಿಂಗಳು ವಾರ ತಪ್ಪದೆ ಬಂದಳು, ವಾರ ತಪ್ಪದೆ ಆಂಧ್ರದ ಮೀನು ಒಯ್ದಳು. ಕೊನೆಗೆ ಪಿಳ್ಳಮ್ಮ ಕಾಡಿಬೇಡಿ ಒಂದು ಕಾಗದ ಪಡೆದಳು. ಇಂಗ್ಲಿಷು, ಕೋಷ್ಟಕ, ಕೆಳಗೆ ದುಂಡು ಮೊಹರು; ಎಲ್ಲ ಮಿತಿಯೊಳಗಿದೆ ಎಂದು ಬರೆದಿತ್ತಂತೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಮರಕ್ಕೆ ನೇತುಹಾಕಿದಳು. ವ್ಯಾಪಾರ ಒಂದಕ್ಕೆರಡಾಯಿತು. ಹೊಸ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸಿ ಓದಿ, ತಲೆಯಾಡಿಸಿ ಕೊಂಡರು.

ಇಲ್ಲಿಯವರೆಗೆ ಯಾವ ವ್ಯಾಪಾರಿಯೂ ಮಾಡಬಹುದಾದ ಕೆಲಸ. ಪಿಳ್ಳಮ್ಮ ಒಂದು ಹೆಜ್ಜೆ ಮುಂದೆ ಹೋದಳು: ತಾನೂ ನಂಬಿದಳು. “ನಮ್ಮ ಕೆರೆ ಮೀನು ಟೆಸ್ಟಾಗಿದೆ ಸ್ವಾಮಿ” ಎಂದು ದಿನಕ್ಕೆ ನೂರು ಸಲ ಕೂಗಿದವಳ ಕಿವಿಯಲ್ಲಿ ಕೂಗಿದ್ದೇ ಉಳಿಯಿತು. ಲತೀಫನ ಪೆಟ್ಟಿಗೆ ಮರೆತೇ ಹೋಯಿತು. ಅಷ್ಟರಲ್ಲಿ ಭಾಗ್ಯಲಕ್ಷ್ಮಿಗೆ ಮೂರನೇ ಸಲ ನಾಲ್ಕು ತಿಂಗಳು. ಪಿಳ್ಳಮ್ಮ ಕಾಗದವನ್ನೇ ಮರದಿಂದ ಬಿಚ್ಚಿ ಒಯ್ದು ಮಗಳ ಮುಂದೆ ಹಿಡಿದಳು. “ನಿಮ್ಮ ನರ್ಸಮ್ಮನ ಹತ್ರ ಇಂಥ ಮೊಹರಿದೆಯಾ ಕೇಳು!” ಅಂದಿನಿಂದ ಬುಧವಾರ, ಭಾನುವಾರ ಎಲೆಪೊಟ್ಟಣ ವಾಪಸ್ ಬರಲಿಲ್ಲ.

ಏಳನೇ ತಿಂಗಳಲ್ಲಿ ಒಂದು ದಿನ ಭಾಗ್ಯಲಕ್ಷ್ಮಿ ತಟ್ಟೆ ಮುಂದಿಟ್ಟುಕೊಂಡು ತುತ್ತು ಎತ್ತದೆ ಕೂತಳು.

“ಬಾಯಲ್ಲಿ ಕಬ್ಬಿಣ ನೆಕ್ಕಿದಂಗಿರುತ್ತೆ ಅಮ್ಮ. ಬೆಳಿಗ್ಗೆ ಎದ್ರೂ ಅದೇ.”

“ಬಸುರೀರಿಗೆ ಇರೋದೇ ಕಣೆ. ನಂಗೂ ಇತ್ತು.”

“ಆ ಕಾಗದ ನಮ್ಮ ಕೆರೇದೇ ತಾನೆ?”

“ಹೂಂ.”

ಹೇಳಿದ ಕ್ಷಣಕ್ಕೇ ಪಿಳ್ಳಮ್ಮನ ಮೂಗಿಗೆ ರಸೆಲ್ ಮಾರುಕಟ್ಟೆಯ ಐಸಿನ ವಾಸನೆ ಬಡಿಯಿತು. ಮಗಳು ಒಂದು ತುತ್ತು ಬಾಯಿಗಿಟ್ಟುಕೊಂಡಳು. “ತಿಳೀ ಸಾರಿನಲ್ಲಿ ಉಣ್ಣು ಸಾಕು, ಇವತ್ತು ಉಪ್ಪು ಜಾಸ್ತಿಯಾಗಿದೆ” ಎನ್ನುತ್ತ ಪಿಳ್ಳಮ್ಮ ತಟ್ಟೆಯನ್ನೇ ಎತ್ತಿಕೊಂಡಳು.

ಮರುದಿನ ನಸುಕಿಗೆ ಕೆರೆಗೆ ಹೋದಳು. ಗಂಡ ಸತ್ತ ಮೇಲೆ ಏರಿ ಹತ್ತಿರಲಿಲ್ಲ. ಮೀನನ್ನು ಈಗ ಅಲ್ಲಿ ಬಲೆ ಬೀಸುವ ಹಂಪಣ್ಣನೇ ಅಂಗಡಿಗೆ ತಂದು ಸುರಿಯುತ್ತಿದ್ದ. ನೀರಿನ ಮೇಲೆ ನವಿಲು ಬಣ್ಣದ ತೆಳುಪೊರೆ. ಬೆಳ್ಳಕ್ಕಿಗಳು ಏರಿಯ ಮೇಲೆ ಸಾಲಾಗಿ ನಿಂತಿದ್ದವು, ಎಲ್ಲವೂ ನೀರಿಗೆ ಬೆನ್ನು ಮಾಡಿ. ಕೊರಮೀನುಗಳು ಗಾಳಿ ಕುಡಿಯಲು ಮೇಲೆ ಬರುವುದು ಹೊಸದಲ್ಲ. ಆದರೆ ಒಂದೊಂದಾಗಿ ಬರುತ್ತಿದ್ದಂಥವು ಈಗ ಒಟ್ಟಿಗೆ ಬಂದವು. ಕೆರೆಯ ತುಂಬ ಪುಟ್ಟ ಬಾಯಿಗಳು ತೆರೆದು ಮುಚ್ಚಿದವು, ಗುಂಪೊಂದು ಪಿಸುಗುಟ್ಟಿ ತಟ್ಟನೆ ಸುಮ್ಮನಾದಂತೆ.

“ಬಲೆ ಬೇಕಾಗಿಲ್ಲ ಅಕ್ಕ” ಎಂದ ಹಂಪಣ್ಣ. “ಈಗೀಗ ಓಡಲ್ಲ ಅವು. ಕೈ ಇಳಿಬಿಟ್ರೆ ಬಂದು ನಿಂತ್ಕೋತವೆ.”

ಕೈ ಇಳಿಬಿಟ್ಟ. ಬಂದು ನಿಂತವು.

ಹಾಗೆ ಸಿಕ್ಕ ನಾಲ್ಕು ಮೀನನ್ನು ಹಿಡಿದು ಪಿಳ್ಳಮ್ಮ ಸುಕನ್ಯಳ ಕಾಲೇಜಿನ ಮೆಟ್ಟಿಲು ಹತ್ತಿದಳು. ಇಷ್ಟು ದಿನ ಕೊಟ್ಟದ್ದು ಎಲ್ಲಿಯದು ಎಂದು ಹೇಳಿದಳು.

“ನನ್ನ ಅಷ್ಟು ತಿಂಗಳ ಕೆಲಸ ಆಂಟಿ... ಯಾಕೆ ಹೀಗ್ಮಾಡಿದ್ರಿ?”

“ಬೈಯಮ್ಮ, ಆಮೇಲೆ ಬೈಯಿ. ಮೊದ್ಲು ಈಲಿ ನೋಡು. ಮಾಂಸ ಅಲ್ಲ, ಈಲಿ.”

“ಈಲಿ ಯಾರು ತಿಂತಾರೆ?”

“ನನ್ನ ಮಗಳು. ಏಳು ತಿಂಗಳು.” ಸುಕನ್ಯ ಮೀನು ಇಸಿದುಕೊಂಡಳು.

ನಾಲ್ಕನೇ ದಿನ ಹೋದಾಗ ಮೀನು ಇರಲಿಲ್ಲ. ಒಣಗಿಸಿ, ಸುಟ್ಟು ಬೂದಿ ಮಾಡಿ, ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಆಗಿತ್ತು. ಮೇಜಿನ ಮೇಲೆ ಹೆಬ್ಬೆರಳಿನಷ್ಟು ಬಾಟಲಿಗಳಲ್ಲಿ ತಿಳಿನೀರು. ನಲವತ್ತು ವರ್ಷ ಮೀನು ಮಾರಿದವಳಿಗೆ ತನ್ನ ಮೀನಿನ ಗುರುತು ಸಿಗಲಿಲ್ಲ. ವಾಸನೆಯೂ ಇಲ್ಲ. ಸುಕನ್ಯ ಸಣ್ಣ ಕೊಳವೆಯನ್ನು ಬಾಟಲಿಗೆ ಅದ್ದಿದಳು. ನೀರು ಯಂತ್ರದೊಳಗಿನ ಉರಿಗೆ ಏರಿತು. ಉರಿ ನೀಲಿಯಾಗಿಯೇ ಇತ್ತು, ಸದ್ದಿಲ್ಲ, ಹೊಗೆಯಿಲ್ಲ. ಪಕ್ಕದಲ್ಲಿ ಅಂಕಿ ಮಾತ್ರ ಏರುತ್ತ ಹೋಯಿತು, ನಿಂತಿತೆನ್ನುವಾಗ ಮತ್ತೆ ಏರಿತು.

“ಮಾಂಸದಲ್ಲಿ ಸೀಸ ಮಿತಿಗಿಂತ ಸ್ವಲ್ಪ ಜಾಸ್ತಿ” ಎಂದಳು ಸುಕನ್ಯ. “ಈಲಿಯಲ್ಲಿ ಹದಿನಾಲ್ಕು ಪಟ್ಟು. ಮೈಯೊಳಗೆ ಹೋದ ವಿಷವನ್ನ ಮೀನು ಅಲ್ಲೇ ಕೂಡಿಡುತ್ತೆ.”

ಹೊಟ್ಟೆ ಸೀಳಿದವರಿಗೆ ಈಲಿ. ಪಿಳ್ಳಮ್ಮ ಗಿರಾಕಿಗಳಿಗೆ ಸ್ವಲ್ಪ ಜಾಸ್ತಿ ಎಂಬುದನ್ನು ಮಾರಿ, ಹದಿನಾಲ್ಕು ಪಟ್ಟನ್ನು ಆರಿಸಿ ಆರಿಸಿ ಮಗಳಿಗೆ ಒಯ್ದಿದ್ದಳು. ಮೋಸ ಮಾಡುವವರು ಕೂಡ ತಮ್ಮ ಮನೆಯನ್ನು ಬಿಟ್ಟು ಮಾಡುತ್ತಾರೆ.

ಸುಕನ್ಯ ಒಂದು ಚೀಟಿಯಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರ ಹೆಸರು ಬರೆದುಕೊಟ್ಟಳು. ಪಿಳ್ಳಮ್ಮ ಅಲ್ಲಿಂದ ನೇರ ಬೈಯಪ್ಪನಹಳ್ಳಿಗೆ ಬಂದಳು. ಮಧ್ಯಾಹ್ನ. ಹೊರಗೆ ರೈಲು ಹಾದು ಕೋಣೆಯ ಪಾತ್ರೆಗಳು ಸಣ್ಣಗೆ ಅದುರುತ್ತಿದ್ದವು. ಲತೀಫನ ಪೆಟ್ಟಿಗೆಯಿಂದ ಹಿಡಿದು ನೀಲಿ ಉರಿಯವರೆಗೆ ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ಕಾದಳು. ಭಾಗ್ಯಲಕ್ಷ್ಮಿ ಬೈಯಲಿಲ್ಲ.

“ನಾನು ನಿನ್ನ ಹೊಟ್ಟೇಲಿದ್ದಾಗ ನೀನೇನು ತಿಂತಿದ್ದೆ?”

“ಅದನ್ನೇ.”

“ಆಗ ಶೆಡ್ಡುಗಳು ಬಂದಿದ್ವಾ?”

“ನೀನು ಹುಟ್ಟೋಕೆ ಹಿಂದಿನ ವರ್ಷ ಶುರುವಾಗಿದ್ದು.” ಅಲ್ಲಿಯವರೆಗೆ ಈ ಎರಡನ್ನೂ ಪಿಳ್ಳಮ್ಮ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ತನ್ನ ಕೈ ನೋಡಿಕೊಂಡಳು. ನಡುಗುತ್ತಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡಿದಳು.

“ನಾಳೆ ಆಸ್ಪತ್ರೆಗೆ ಹೋಗೋಣ” ಎಂದಳು ಮಗಳು. “ಇಬ್ರೂ ರಕ್ತ ಕೊಡೋಣ.”

“ನಂದ್ಯಾಕೆ ಭಾಗ್ಯ?”

“ನಿನ್ನ ಮಾತು ನಂಬಿದ್ದಾಯ್ತು ಕಣಮ್ಮ. ಇನ್ಮೇಲೆ ನಿನ್ನ ರಕ್ತ ಹೇಳ್ಲಿ.”

ಹೊಟ್ಟೆ ಸವರಿಕೊಂಡು ಅವಳೇ ಮೆಲ್ಲಗೆ ಅಂದಳು: “ಬೆಳಿಗ್ಗೆಯಿಂದ ಆಡಿಲ್ಲ ಅದು.”

ಪಿಳ್ಳಮ್ಮ ಹತ್ತಿರ ಸರಿದಳು. ಮಗಳು ಅವಳ ಅಂಗೈ ಎಳೆದು ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಕಾದರು. ಬಿಸಿಲು ಹೊಸ್ತಿಲು ದಾಟಿ ಚಾಪೆಯ ಅಂಚಿಗೆ ಬಂತು. ಆಮೇಲೆ ಒಳಗಿನಿಂದ ಒಂದೇ ಒಂದು ಸಲ, ಮೆಲ್ಲಗೆ, ತಟ್ಟಿತು. ಇಬ್ಬರೂ ಕೈ ತೆಗೆಯಲಿಲ್ಲ.