ಮೂವತ್ತು ಯಂತ್ರಗಳಿಗೆ ಸಿಗದ ವಿಳಾಸ

ಆಸ್ಪತ್ರೆಯ ಹೊಸ ಲ್ಯಾಬಿನ ಮೂವತ್ತು ಕಂಪ್ಯೂಟರುಗಳು ಹನ್ನೆರಡು ಗಂಟೆಗೆ ಶುರುವಾಗಬೇಕಿತ್ತು. ಅವನ್ನೆಲ್ಲ ಒಂದೇ ಏಟಿಗೆ ಸಜ್ಜುಗೊಳಿಸುವ ಸ್ಕ್ರಿಪ್ಟ್ ಬರೆದವಳು ಎಲ್ಲರೂ ಟೈಪಿಸ್ಟಮ್ಮ ಎಂದೇ ಕರೆಯುವ ನಲವತ್ತೆಂಟರ ಹೆಂಗಸು. ಇಪ್ಪತ್ತು ವರ್ಷ ನೆಲಮಾಳಿಗೆಯಲ್ಲಿ ವರದಿ ಟೈಪ್ ಮಾಡಿ, ಒಲೆಯ ಮುಂದೆ ಮೊಬೈಲ್ ಒರಗಿಸಿಟ್ಟು ಪಾಠ ಕೇಳಿ ಈ ಕೆಲಸ ಕಲಿತವಳು. "ಈ ವಯಸ್ಸಲ್ಲಿ ನಿಂಗ್ಯಾಕೆ ಬೇಕಿತ್ತು?" ಎಂದ ಅತ್ತೆಗೆ, "ಬೇಕಿತ್ತು ಅತ್ತೆ" ಎಂದಷ್ಟೇ ಹೇಳಿದ್ದಳು. ಇವತ್ತು ಕೆಲಸ ಸರಿಹೋದರೆ ಕಂಪ್ಯೂಟರ್ ವಿಭಾಗದಲ್ಲಿ ಕಾಯಂ, ತಪ್ಪಿದರೆ ಮತ್ತೆ ನೆಲಮಾಳಿಗೆ.

ಒಂಬತ್ತಕ್ಕೆ ಓಡಿಸಿದರೆ ಸ್ಕ್ರಿಪ್ಟ್ ಮೊದಲ ಯಂತ್ರದಲ್ಲೇ ನಿಂತಿತು. ಪ್ರಿಂಟರ್ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್‌ಗೆ ಬೆಲೆಯೇ ಇಲ್ಲವಂತೆ. ಡಬ್ಬಿಯ ಮೇಲೆ ಸಕ್ಕರೆ ಅಂತ ಚೀಟಿ, ಒಳಗೆ ಖಾಲಿ. ಮೂರು ವಾರ ತನ್ನ ಮೇಜಿನ ಮೇಲೆ ಲಕ್ಷಣವಾಗಿ ಓಡಿದ್ದ ಸ್ಕ್ರಿಪ್ಟ್ ಇದು.

ವಿಭಾಗದ ಅಧಿಕಾರಿ ಗಡಿಯಾರ ನೋಡಿದರು. "ಕೆಳಗಿನ ಕೌಂಟರಿನ ಪ್ರಿಂಟರ್ ವಿಳಾಸಾನೇ ಎಲ್ಲಕ್ಕೂ ಡೀಫಾಲ್ಟ್ ಅಂತ ತುರುಕಿಬಿಡೀಮ್ಮ. ಓಡುತ್ತೆ."

"ಓಡುತ್ತೆ ಸಾರ್. ಆದ್ರೆ ಎಲ್ಲ ರಕ್ತದ ವರದಿನೂ ಕೆಳಗಿನ ಕೌಂಟರಲ್ಲಿ ಬೀಳುತ್ತೆ. ಯಾರ ವರದಿ ಯಾರ ಕೈಗೋ. ಅದನ್ನ ನಾನು ಮಾಡಲ್ಲ."

ಒಂದೊಂದೇ ಕಡತ ತೆರೆದಳು. ಲ್ಯಾಬಿನ ಯಂತ್ರಗಳ ಪಟ್ಟಿ ಸರಿ, ಅವುಗಳ ಹೆಸರು ಸರಿ. ಹೊಸ ಯಂತ್ರಗಳನ್ನೇ ಬೈದಳು, ನೆಟ್‌ವರ್ಕಿನವರನ್ನೂ ಬಿಡಲಿಲ್ಲ. ಹನ್ನೊಂದೂವರೆಗೆ, ತಾನು ಅಲ್ಲಿಯವರೆಗೆ ತೆರೆದೇ ಇರದ ಒಂದೇ ಒಂದು ಕಡತ ಉಳಿಯಿತು, ತನ್ನ ಸ್ವಂತ ಯಂತ್ರದ್ದು. ಲ್ಯಾಬಿನ ಪ್ರಿಂಟರ್ ವಿಳಾಸ ಅಲ್ಲೇ ಕೂತಿತ್ತು. ಮೊದಲ ದಿನ ಪರೀಕ್ಷೆಗೆಂದು ತಾನೇ ಬರೆದದ್ದು. ಇಡೀ ಲ್ಯಾಬಿನ ಕಡತಕ್ಕೆ ಸೇರಿಸುವುದನ್ನು ಮರೆತಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆ ಸಾಲನ್ನು ಲ್ಯಾಬಿನ ಕಡತಕ್ಕೆ ಸೇರಿಸಿ ಓಡಿಸಿದಳು. ತೆರೆಯ ಮೇಲೆ ಮೂವತ್ತಕ್ಕೆ ಮೂವತ್ತೂ ಹಸಿರಾದವು. ಇನ್ನೂ ಹತ್ತು ನಿಮಿಷ ಬಾಕಿ ಇತ್ತು.

"ಏನಾಗಿತ್ತಂತೆ?" ಅಧಿಕಾರಿ ರಿಜಿಸ್ಟರ್ ತೆರೆದರು. "ನೆಟ್‌ವರ್ಕ್ ಅಂತ ಬರೀಲಾ?"

ಹೂಂ ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬೇಡ ಸಾರ್. ನನ್ನ ತಪ್ಪು ಅಂತ ಬರೀರಿ. ನನ್ನ ಯಂತ್ರದಲ್ಲಿ ಮಾತ್ರ ಪರೀಕ್ಷೆ ಮಾಡಿದ್ದೆ. ಮುಚ್ಚಿಟ್ರೆ ಮುಂದೆ ಬರೋರೂ ಇದೇ ಹೊಂಡಕ್ಕೆ ಬೀಳ್ತಾರೆ."

"ಹಾಗೆ ಬರೆದ್ರೆ ಕಾಯಂ ಆಗೋದು ಇನ್ನೂ ಮೂರು ತಿಂಗಳು ಮುಂದೆ ಹೋಗುತ್ತೆ."

"ಹೋಗ್ಲಿ ಸಾರ್. ನಾನಂತೂ ಎಲ್ಲೂ ಹೋಗಲ್ಲ."

ಅವರು ಬರೆದರು. ಅವಳು ಓದಿ ಸಹಿ ಹಾಕಿ, ಮೊದಲ ವರದಿ ಯಾವ ಪ್ರಿಂಟರಿನಲ್ಲಿ ಬರುತ್ತದೆಂದು ಕಣ್ಣಾರೆ ನೋಡಲು ಲ್ಯಾಬಿನ ಮೆಟ್ಟಿಲು ಹತ್ತಿದಳು.