ಹನ್ನೊಂದು ಮನೆಗೆ ಹೋದ ಹವಳ

ಹವಳಕ್ಕೆ ಜೀವವಿದೆ. ಬಾಯಿದೆ, ಹೊಟ್ಟೆಯಿದೆ, ಹಸಿವಿದೆ. ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಗಿಟ್ಟಿಸಿ ಮರೆತಿದ್ದೀರಿ. ಗಾಜಿನ ತೊಟ್ಟಿಯಲ್ಲಿ ಕಂಡರೆ ‘ಎಷ್ಟು ಚೆಂದದ ಕಲ್ಲು’ ಅನ್ನುತ್ತೀರಿ.

ಕಟ್ಟುಹಲ್ಲು ತಯಾರಿಸುವ ಒಬ್ಬನಿದ್ದಾನೆ. ಐವತ್ತಮೂರು ವಯಸ್ಸು, ಒಂಟಿ. ಹಗಲೆಲ್ಲ ಕಂಡವರ ದವಡೆಯ ಅಚ್ಚಿನ ಮುಂದೆ ಕೂತು ಹಲ್ಲು ಉಜ್ಜಿ ನುಣುಪು ಮಾಡುತ್ತಾನೆ. ಸಂಜೆ ಮೂರನೇ ಮಹಡಿಯ ಕೋಣೆಗೆ ಬಂದರೆ ಕಾಯುತ್ತಿರುವುದು ಮಂಚದಷ್ಟು ಉದ್ದದ ಉಪ್ಪುನೀರಿನ ತೊಟ್ಟಿ, ಅದರಲ್ಲಿ ಮಿದುಳಿನಂತೆ ಸುಕ್ಕುಗಟ್ಟಿದ ಹಸಿರು ಹವಳ. ಹತ್ತೊಂಬತ್ತು ವರ್ಷದಿಂದ ಸಾಕಿದ್ದು. ವರ್ಷಕ್ಕೆ ಉಗುರಗಲ ಬೆಳೆದರೆ ಅದೇ ಹೆಚ್ಚು. ಹಲ್ಲು ಕೊಯ್ಯುವ ತೆಳು ಚಕ್ರದಿಂದಲೇ ಅದರ ಅಂಚು ಕೊಯ್ದು, ಕಡಲೆಕಾಳಿನಂಥ ಚೂರುಗಳನ್ನು ಪಿಂಗಾಣಿ ಬಿಲ್ಲೆಗೆ ಅಂಟಿಸಿ ಮತ್ತೆ ತೊಟ್ಟಿಗೇ ಬಿಡುತ್ತಾನೆ. ಒಂದೇ ತಾಯಿಯ ಚೂರುಗಳು ಹಬ್ಬುತ್ತಾ ಹಬ್ಬುತ್ತಾ ಕೂಡಿಕೊಂಡು ಒಂದಾಗುತ್ತವೆ. ಒಡಹುಟ್ಟಿದವರಿಗೆ ಇಷ್ಟು ಬುದ್ಧಿ ಇದ್ದಿದ್ದರೆ ಅರ್ಧ ಕೋರ್ಟುಗಳಿಗೆ ಬೀಗ ಬೀಳುತ್ತಿತ್ತು.

“ಏನ್ ಕಲ್ಲಪ್ಪಾ, ಎಷ್ಟು ಬೆಳೀತು ನಿನ್ ಕಲ್ಲು?” ಎಂದು ಜೊತೆ ಕೆಲಸದವರು ಕಾಲೆಳೆಯುತ್ತಿದ್ದರು.

“ಹೋದ ವರ್ಷಕ್ಕಿಂತ ಚೂರು.”

“ಅದು ದೊಡ್ಡದಾಗೋಷ್ಟರಲ್ಲಿ ನಿಂಗೇ ನಾವು ಹಲ್ಲು ಕಟ್ಬೇಕಾಗುತ್ತೆ ಬಿಡು!”

ಅದನ್ನು ಸಾಕುವುದು ಹೇಗೆಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮೊನ್ನೆ ಹರ್ನಿಯಾ ಆಪರೇಷನ್ನಿಗೆಂದು ಎಂಟು ದಿನ ಆಸ್ಪತ್ರೆ ಸೇರಬೇಕಾಯಿತು. ಮನೆ ನೋಡಿಕೊಳ್ಳಲು ಅಕ್ಕ ಬಂದಳು. ಅವಳಿಗೆ ಚೀಟಿ ಬರೆದಿಟ್ಟ: ‘ನೀರು ಇಳಿದರೆ ಗೆರೆ ತನಕ ತುಂಬು.’ ಅಷ್ಟೇ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ಆದ್ದರಿಂದ ಸಿಹಿನೀರೇ ಹಾಕಬೇಕು ಎಂಬುದು ಅವನಿಗೆ ಉಸಿರಾಟದಷ್ಟು ಸಹಜ. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕಾದ ಒಬ್ಬ ಮನುಷ್ಯನೂ ಆ ಕೋಣೆಗೆ ಬಂದಿರಲಿಲ್ಲ.

ತೊಟ್ಟಿಗೆಂದು ಅವನು ಡ್ರಮ್ಮಿನಲ್ಲಿ ತುಂಬಿಟ್ಟಿದ್ದ ನೀರನ್ನು ಅಕ್ಕ ನಾಲಿಗೆಗೆ ಮುಟ್ಟಿಸಿ ನೋಡಿದಳು. ಸಪ್ಪೆ. ಸಮುದ್ರದ ಜೀವಕ್ಕೆ ಸಪ್ಪೆ ನೀರೇ? ಪಕ್ಕದಲ್ಲೇ ಉಪ್ಪಿನ ಮೂಟೆ ಇತ್ತು. ದಿನಾ ಧಾರಾಳವಾಗಿ ಕಲಸಿ ಸುರಿದಳು.

ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಅವನು ಮೆಟ್ಟಿಲು ಹತ್ತಿ ಬಂದಾಗ ತೊಟ್ಟಿಯಲ್ಲಿ ಹಸಿರಿರಲಿಲ್ಲ. ತಾನು ದಿನವಿಡೀ ಉಜ್ಜುವ ಹಲ್ಲಿನ ಬಿಳುಪು. ಬಿಲ್ಲೆಯ ಮೇಲಿನ ಒಂಬತ್ತು ಚೂರುಗಳೂ ಬಿಳಿ.

“ಉಪ್ಪು ಸಾಲ್ಲಿಲ್ವೇನೋ ತಮ್ಮಾ? ದಿನಾ ಹಾಕ್ದೆ ಕಣೋ...”

ಅವನು ಅವಳನ್ನೇ ನೋಡಿದ. “ಸಪ್ಪೆ ನೀರೇ ಹಾಕ್ಬೇಕಿತ್ತು. ನಾನು ಹೇಳಿರ್ಲಿಲ್ಲ ಬಿಡಕ್ಕ.”

“ಬೈಯೋ. ಒಂದ್ಸಲ ಬೈದ್ಬಿಡು, ನಂಗೂ ಸಮಾಧಾನ ಆಗುತ್ತೆ.”

“ಬೈದ್ರೆ ಹಸಿರಾಗುತ್ತಾ? ಕೂತ್ಕೋ.”

ಟಾರ್ಚ್ ಹಿಡಿದು ತಡಕಿದ. ತಾಯಿ ಹವಳದ ಅಡಿಯಂಚಿನಲ್ಲಿ ಹೆಸರುಕಾಳಿನಷ್ಟು ಜಾಗದಲ್ಲಿ ಮಾತ್ರ ಇನ್ನೂ ಜೀವವಿತ್ತು. ಉಳಿದೀತೆಂಬ ನಂಬಿಕೆಯಿಲ್ಲ.

ಹವಳ ಸಾಕುವವರಲ್ಲಿ ಒಂದು ರೂಢಿಯಿದೆ. ಬೆಳೆದದ್ದನ್ನು ಒಂದೇ ಮನೆಯಲ್ಲಿ ಇಡುವುದಿಲ್ಲ. ಚೂರು ಮಾಡಿ ಪುಕ್ಕಟೆ ಹಂಚುತ್ತಾರೆ. ಒಬ್ಬನ ನೀರು ಕೆಟ್ಟರೆ ಇನ್ನೊಬ್ಬನ ಮನೆಯಿಂದ ಚೂರು ವಾಪಸ್ ಬರಬೇಕು. ಬರೆದುಕೊಟ್ಟ ಕಾಗದವಿಲ್ಲ, ಮಾತೇ ಎಲ್ಲ. ಅವನು ಹನ್ನೊಂದು ಮನೆಗೆ ಕೊಟ್ಟಿದ್ದ. ಫೋನ್ ಎತ್ತಿದ.

“ಅಯ್ಯೋ ಸಾರ್, ಅದಾ? ಎರಡು ವರ್ಷ ಆದ್ರೂ ಬೆಳೀಲೇ ಇಲ್ಲ. ಎತ್ತಿ ಬಿಸಾಕ್ದೆ.”

“ತೊಟ್ಟಿ ಇಟ್ಟಿದ್ದ ಜಾಗಕ್ಕೆ ಟಿವಿ ಬಂತು, ಬೇಜಾರ್ ಮಾಡ್ಕೋಬೇಡಿ.”

“ಯಾರು ಮಾತಾಡ್ತಿರೋದು?”

ಹೀಗೇ ಒಂಬತ್ತು ಮನೆ. ಕೈಚಾಚಿ ಇಸಕೊಂಡು ಹೋದವರು, ‘ಮಗುವಿನ ಹಾಗೆ ನೋಡ್ಕೋತೀವಿ’ ಅಂದವರು. ಒಬ್ಬರಾದರೂ ಅದು ಸತ್ತ ದಿನ ಒಂದು ಫೋನ್ ಮಾಡಿರಲಿಲ್ಲ. ಮಾಡಿದ್ದರೆ ಅವನು ಇನ್ನೊಂದು ಚೂರು ಕೊಯ್ದು ಕೊಡುತ್ತಿದ್ದ. ಪುಕ್ಕಟೆ ಸಿಕ್ಕಿದ್ದಕ್ಕೆ ನಮ್ಮಲ್ಲಿ ಸಾವಿನ ಸುದ್ದಿಯ ಬೆಲೆಯೂ ಇಲ್ಲ.

“ಇನ್ನೂ ಎರಡು ನಂಬರ್ ಐತಲ್ಲೋ,” ಅಂದಳು ಅಕ್ಕ, ಅವನ ಹೆಗಲ ಮೇಲಿಂದ ಬಗ್ಗಿ.

“ಮಾಡಿ ನೋಡ್ದೆ. ಆ ಎರಡೂ ಈಗ ಇಲ್ಲಕ್ಕ. ಬದಲಾಗಿವೆ.”

ಅವಳು ಮರುದಿನ ಊರಿಗೆ ಹೊರಟಳು. ಅವನು ಸ್ಟೂಲ್ ಎಳೆದುಕೊಂಡು ಆ ಹೆಸರುಕಾಳಿನ ಎದುರು ಕೂತ. ಈಗಲೂ ಕೂತಿದ್ದಾನೆ.

ನಂಬರ್ ಬದಲಿಸಿದ ಇಬ್ಬರೇ, ನಿಮಗೇ ಹೇಳುತ್ತಿರುವುದು. ಇವತ್ತೇ ತೊಟ್ಟಿ ನೋಡಿ. ಹವಳ ಬದುಕಿದ್ದರೆ ಒಂದು ಚೂರು ಕೊಯ್ದು, ನಿಮ್ಮ ತೊಟ್ಟಿಯ ನೀರಿನಲ್ಲೇ ಮುಳುಗಿಸಿಕೊಂಡು ಆ ಮೂರು ಮಹಡಿ ಹತ್ತಿ. ಸತ್ತಿದ್ದರೂ ಹತ್ತಿ, ಅವನ ಮುಖ ನೋಡಿ ಹೇಳಿ.