ಅಪ್ಪ ಕಲಿಸಿದ ಶಿಲಿ-ಶ್ಯಾಲಿ

ಡಾಂಬರು ಗುಳಿಗೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಅಪ್ಪನ ಮಿಲಿಟರಿ ಟ್ರಂಕು ಕಣ್ಣಮುಂದೆ ಬಂದು ನಿಲ್ಲುತ್ತದೆ. ಅದರ ತಳದಲ್ಲಿ, ಉಣ್ಣೆಯ ಕೋಟಿನ ಕೆಳಗೆ, ಅವನು ದಂಡಿನಿಂದ ತಂದ ಇಂಗ್ಲಿಷ್ ಡಿಕ್ಷನರಿ ಇರುತ್ತಿತ್ತು. ಕುಲಗೋಡದ ಆಚೆಗಿನ ನಮ್ಮ ಹಳ್ಳಿಯಲ್ಲಿ, ಊರ ಹೊರಗಿನ ನಮ್ಮ ಕೇರಿಯಲ್ಲಿ, ಪುಸ್ತಕವೆಂದು ಇದ್ದದ್ದು ಅದೊಂದೇ. ಅಪ್ಪ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ತನ್ನ ತಂಗಿ ಶಾಂತತ್ತೆಗೂ. ಅತ್ತೆ ಊರ ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು ಓದಿದವಳು. ನಮ್ಮ ಕೇರಿಯ ಮಕ್ಕಳಿಗೆ ಅದೇ ಜಾಗ. ಸ್ವಾತಂತ್ರ್ಯ ಬಂದ ಮೇಲೂ ಆ ರೂಢಿ ಹೋಗಿರಲಿಲ್ಲ. ಅಲ್ಲಿಂದಲೇ ಕಲಿತು, ಗೋಕಾಕಕ್ಕೆ ಹೋಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಶಿಕ್ಷಕಿಯ ನೌಕರಿಯ ಆರ್ಡರು ಬಂದದ್ದು ಅದೇ ಶಾಲೆಗೆ.

ಸೇರಬೇಕಾದ ದಿನ ಬೆಳಿಗ್ಗೆ ಇಳಕಲ್ಲ ಸೀರೆ ಉಟ್ಟು ಅತ್ತೆ ಹೊಸ್ತಿಲಿಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು.

"ಹೋಗ್ಲ್ಯಾ ಅಣ್ಣಾ? ನಾ ಕುರ್ಚಿಮ್ಯಾಲ ಕುಂತ್ರ ಊರವ್ರು ಏನಂತಾರೋ."

ಅಪ್ಪ ಬೈಯಲಿಲ್ಲ. ಡಿಕ್ಷನರಿಯನ್ನು ಅವಳ ಕೈಗೇ ಕೊಟ್ಟು ಒಂದು ಪುಟ ತೆಗೆದು ತೋರಿಸಿದ.

"ಹಿಂಗ ಅನಮಾನ ಮಾಡ್ಕೋತ ನಿಲ್ಲೂದಕ್ಕ ಇಂಗ್ಲಿಷಿನ್ಯಾಗ ಶಿಲಿ-ಶ್ಯಾಲಿ ಅಂತಾರ. ಶ್ಯಾಲ್ ಐ ಅಂದ್ರ ‘ಮಾಡ್ಲ್ಯಾ?’. ಮಾಡ್ಲ್ಯಾ, ಮಾಡ್ಲ್ಯಾ ಅಂತ ಕೇಳಿ ಕೇಳೇ ಈ ಶಬ್ದ ಹುಟ್ಟೇತಿ."

"ಹಂಗಾದ್ರ ಆ ಇಂಗ್ಲಿಷರೂ ನನ್ನಂಗ ಹೊಸ್ತಿಲದಾಗ ನಿಂತಿದ್ರೇನು?"

"ನಿಂತಿದ್ರು. ಆದ್ರ ಅವರನ್ನ ಯಾರೂ ಹೊರಗ ಕುಂದ್ರಸಿರಲಿಲ್ಲ. ನೀ ಯಾರನ್ನೂ ಕೇಳಬ್ಯಾಡ, ನಡಿ."

ಅತ್ತೆ ನಕ್ಕಳು, ಆಮೇಲೆ ಹೊರಟೇಬಿಟ್ಟಳು. ನಾನು ಅವಳಿಗಿಂತ ಮೊದಲೇ ಓಡಿ ಹೋಗಿ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂತಿದ್ದೆ. ನನಗಾಗ ಏಳು ವರ್ಷ. ಅವಳಿಗೆ ಕಲಿಸಿದ ಮುದುಕ ಮಾಸ್ತರರೇ ಬಾಗಿಲಿಗೆ ಬಂದರು, ಒಂದು ಗಳಿಗೆ ಅವಳನ್ನೇ ನೋಡಿ, "ಬರ್ರಿ ಅಕ್ಕೋರ" ಎಂದರು. ಊರಿನ ದೊಡ್ಡವರೊಬ್ಬರು ನಮ್ಮ ಮನೆಯವರಿಗೆ ‘ರಿ’ ಹಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಅತ್ತೆ ಒಳಗೆ ಹೋಗಲಿಲ್ಲ. ಕಟ್ಟೆಯ ಹತ್ತಿರ ಬಂದು ನನ್ನ ರಟ್ಟೆ ಹಿಡಿದಳು. "ಏಳವ್ವ. ಎಲ್ಲಾರೂ ಏಳ್ರಿ." ಅವಳ ಹಿಡಿತ ಬಿಗಿಯಾಗಿತ್ತು. ನಾವು ಐದು ಮಕ್ಕಳು ಅವಳ ಜೊತೆ ಒಳಗೆ ಹೋದೆವು. ಮುಂದಿನ ಸಾಲಿನ ಹುಡುಗರು ಎದ್ದು ಮನೆಗೆ ನಡೆದರು. ಮಾಸ್ತರರು ಅವರನ್ನು ತಡೆಯಲೂ ಇಲ್ಲ, ನಮ್ಮನ್ನು ಹೊರಗೆ ಕಳಿಸಲೂ ಇಲ್ಲ. ಅತ್ತೆ ಆ ಖಾಲಿ ಸಾಲಿನಲ್ಲೇ ನಮ್ಮನ್ನು ಕೂರಿಸಿದಳು. ಎಂಟು ದಿನಕ್ಕೆ ಹೋದವರೆಲ್ಲ ಒಬ್ಬೊಬ್ಬರಾಗಿ ತಿರುಗಿ ಬಂದು ನಮ್ಮ ಹಿಂದೆ ಕೂತರು.

ಅಪ್ಪ ಈಗಿಲ್ಲ, ಅತ್ತೆಯೂ ಇಲ್ಲ. ನಮ್ಮ ಮನೆಯಿದ್ದ ಜಾಗದಲ್ಲಿ ಬೇರೆ ಯಾರದೋ ಕಬ್ಬು ಬೆಳೆದು ನಿಂತಿದೆ. ಆ ಮೊದಲ ದಿನ ಅತ್ತೆ ಹಾಜರಿ ತೆಗೆಯುತ್ತ, ಓಣಿಗೆಲ್ಲ ಕೇಳುವ ಹಾಗೆ ನನ್ನ ಹೆಸರು ಕೂಗಿದ್ದಳು. ಅಷ್ಟು ಗಟ್ಟಿಯಾಗಿ, ಅಷ್ಟು ಹೆಮ್ಮೆಯಿಂದ ಆಮೇಲೆ ಯಾರೂ ನನ್ನನ್ನು ಕರೆಯಲಿಲ್ಲ.